ಬಚ್ಚಲಿಗೆ ವಿನೈಲ್ ಹಲಗೆ

ಬೆಂದೂರಿನಲ್ಲಿ ನಮ್ಮ ಮನೆತನಕ್ಕೆ ನಾಲ್ಕು ತಲೆಮಾರಿನ ಮರ್ಯಾದೆಯಿದೆ. ಯಾವ ಅಂಗಡಿಯವನೂ ನಮ್ಮನ್ನು ಹಗುರಾಗಿ ಕಂಡದ್ದಿಲ್ಲ. ಆದರೆ ಬಚ್ಚಲಿನ ನೆಲಕ್ಕೆ ಅಂಟಿಸುವ ವಿನೈಲ್ ಹಲಗೆ ಆರಿಸಲು ಹೋದಾಗ, ಇದು ನೀರಿಗೆ ತಡೆಯುತ್ತದೆಯೇ ಎಂದು ಕೇಳಿದ್ದಕ್ಕೆ ಅಂಗಡಿಯ ಮಾಲೀಕ ಸುಧೀಂದ್ರ ಗಿರಾಕಿಗಳೆದುರು ನಕ್ಕ.

"ಎಷ್ಟು ನೀರು ಸುರಿದರೂ ಎಂಥದೂ ಆಗುದಿಲ್ಲ ಮೇಡಂ. ನನ್ನ ಅಂಗಡಿಗೂ ಇದನ್ನೇ ಹಾಕಿಸಿದ್ದೇನೆ. ನಿಮಗೆ ಎಲ್ಲದರಲ್ಲೂ ಸಂಶಯ."

ನನಗೆ ಸಂಶಯ ಇದ್ದದ್ದು ನಿಜ. ಜೊತೆಗೆ ಬಂದಿದ್ದ ನಮ್ಮ ಮನೆಗೆಲಸದ ಗುಲಾಬಿ, ಅಂಗಡಿಯ ಹೊಸ್ತಿಲು ತೊಳೆಯಲು ಹೊರಗೆ ಇಟ್ಟಿದ್ದ ಬಾಲ್ದಿಯನ್ನು ನೀರಿನ ಸಮೇತ ಒಳಗೆ ತಂದಳು.

"ಅದೆಂಥಕ್ಕೆ?" ಎಂದ ಸುಧೀಂದ್ರ.

"ಈ ನಮ್ಮ ಬಾಯಮ್ಮ ಸ್ನಾನ ಮಾಡುವಾಗ ಇಷ್ಟು ಚೆಲ್ಲುತ್ತದೆ. ಇಲ್ಲೇ ನೋಡುವ" ಎಂದು ಬಾಲ್ದಿ ಓರೆ ಮಾಡಿದಳು.

ಅವನು ಓಡಿಬಂದು ಬಾಲ್ದಿ ಹಿಡಿದ. "ಬೇಡ ಮಾರಾಯ್ತಿ, ಸಂದಿಗೆ ನೀರು ಇಳಿದರೆ ಎಲ್ಲ ಎದ್ದು ಬರ್ತದೆ."

ಗಿರಾಕಿಗಳೆಲ್ಲ ನಕ್ಕರು. ನಾನು ನಗಲಿಲ್ಲ.

"ಇವರೆಲ್ಲ ಇರುವಾಗಲೇ ನನ್ನ ಕ್ಷಮೆ ಕೇಳಿ" ಎಂದೆ.