ಪಕ್ಕದ ಮನೆಗೆ ಶ್ಯಾವಿಗೆ

ಹೆಸರು ಗುರುಪಾದ, ಊರು ರಾಣೆಬೆನ್ನೂರು. ಗುರು ಸಿಕ್ಕಿದ್ದು ಮಾತ್ರ ಜಪಾನಿನ ಮಾತ್ಸುಮೊತೊದಲ್ಲಿ.

ಅದು ತೀರ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ ಅನ್ನುವಂಥ ನಗರ, ಬೆಟ್ಟಗಳ ನಡುವೆ. ಅಲ್ಲಿ ಮಿಯಾಸಾಕಾ ಎಂಬ ಹಿರಿಯರು ಸೋಬಾ ಎಂಬ ಶ್ಯಾವಿಗೆ ಮಾಡುವುದನ್ನು ಕಲಿಸುತ್ತಿದ್ದರು. ಗುರುಪಾದ ಅವರ ಬಳಿ ಹಿಟ್ಟು ನಾದುತ್ತಿದ್ದ. ಕೈ ಪಳಗುತ್ತಿತ್ತು.

ಚಳಿಗಾಲದ ಒಂದು ಸಂಜೆ ಅವನು ಹೇಳಿದ, “ಗುರುಗಳೇ, ನಾನು ಊರಿಗೆ ಹೊರಟೆ. ಇನ್ನು ಬರುವುದಿಲ್ಲ.”

“ಕೆಲಸ ಬೇಸರವಾಯಿತೇ?”

“ಕೆಲಸವಲ್ಲ, ಜನ. ನಾನು ಬಂದು ಎಷ್ಟು ತಿಂಗಳಾಯಿತು. ಅಕ್ಕಪಕ್ಕದವರು ಒಬ್ಬರಾದರೂ ಬಂದು ಊಟ ಆಯಿತೇ ಅಂತ ಕೇಳಿಲ್ಲ. ನಮ್ಮ ಕಡೆ ಹೊಸಬರು ಸಾಮಾನು ಇಳಿಸುವಷ್ಟರಲ್ಲಿ ಎದುರು ಮನೆಯಿಂದ ಚಹಾ ಬರುತ್ತದೆ.”

“ನೀನು ಅವರಿಗೆ ಏನು ಕೊಟ್ಟೆ?”

“ನಾನೇಕೆ ಕೊಡಲಿ? ಹೊಸಬ ನಾನು.”

ಗುರುಗಳು ಹಿಟ್ಟಿನ ಕೈ ತೊಳೆದುಕೊಂಡರು.

ಮರುದಿನ ಬೆಳಿಗ್ಗೆ ಗುರುಪಾದ ಕಸ ಹಾಕಲು ಬಾಗಿಲು ತೆರೆದರೆ ಗುರುಗಳು ಹೊರಗೆ ನಿಂತಿದ್ದರು. ಕೈಯಲ್ಲಿ ಒಂದು ಚೀಲ. ಟೋಪಿಯ ಮೇಲೆಲ್ಲ ಹಿಮ.

“ಯಾವಾಗ ಬಂದಿರಿ?”

“ಆಗಲೇ.”

“ಬೆಲ್ ಮಾಡಬಾರದಿತ್ತೇ?”

“ನೀನೇ ಬಂದು ಕರೆಯುತ್ತೀಯೆಂದು ಕಾದೆ.”

“ನೀವು ಬಂದದ್ದು ನನಗೆ ಹೇಗೆ ಗೊತ್ತಾಗಬೇಕು?”

ಗುರುಗಳು ಚೀಲದಿಂದ ಒಂದು ಪೊಟ್ಟಣ ತೆಗೆದು ಅವನ ಕೈಗಿಟ್ಟರು. “ನಿನ್ನೆ ನೀನೇ ಕತ್ತರಿಸಿದ ಸೋಬಾ. ಇಲ್ಲಿ ಹೊಸಬನೇ ಅಕ್ಕಪಕ್ಕದ ಬಾಗಿಲಿಗೆ ಹೋಗಿ, ಏನಾದರೂ ಕೊಟ್ಟು ಹೆಸರು ಹೇಳಿ ಬರಬೇಕು.”

“ಇದನ್ನು ನನಗೆ ಯಾರೂ ಹೇಳಲಿಲ್ಲ.”

“ನಾನು ಹೇಳಬೇಕಿತ್ತು. ನೀನು ಕೇಳಬೇಕಿತ್ತು.”

“ಇಷ್ಟು ದಿನ ಬಿಟ್ಟು ಈಗ ಯಾವ ಮುಖ ಇಟ್ಟುಕೊಂಡು ಹೋಗಲಿ?”

“ಇರುವುದೊಂದೇ ಮುಖ. ಅದನ್ನೇ ಇಟ್ಟುಕೊಂಡು ಹೋಗು.”

ಗುರುಪಾದ ಬಲಗಡೆಯ ಮನೆಯ ಬೆಲ್ ಒತ್ತಿದ. ಒಬ್ಬ ಅಜ್ಜಿ ಬಾಗಿಲು ತೆರೆದರು. ಅವನು ತಲೆ ಬಾಗಿಸಿ ಹೆಸರು ಹೇಳಿದ, ಪೊಟ್ಟಣ ಕೊಟ್ಟ.

ಅಜ್ಜಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. “ಸಂಜೆ ನೀವು ಎಣ್ಣೆಯಲ್ಲಿ ಏನೋ ಸಿಡಿಸುತ್ತೀರಲ್ಲ, ಆ ಘಮ ಬಂದಾಗೆಲ್ಲ ಏನು ಅಡುಗೆ ಅಂತ ಕೇಳೋಣ ಅನ್ನಿಸುತ್ತಿತ್ತು. ನೀವು ಬರಲಿಲ್ಲ. ಒಬ್ಬರೇ ಇರುವುದು ನಿಮಗಿಷ್ಟವೇನೋ, ತೊಂದರೆ ಕೊಡಬಾರದು ಅಂದುಕೊಂಡೆ.”

ಅಲ್ಲಿಯ ಜನರನ್ನೆಲ್ಲ ಬೈದುಕೊಂಡದ್ದಕ್ಕೆ ಗುರುಪಾದನಿಗೆ ನಾಚಿಕೆಯಾಯಿತು.

ಅವನು ವಾಪಸು ಬಂದ. “ಗುರುಗಳೇ, ನಾನು ಊರಿಗೆ ಹೋಗುವುದಿಲ್ಲ.”

“ಸರಿ. ಎಡಗಡೆಯ ಮನೆ?”

“ಆ ಮನುಷ್ಯ ಬೇಡ. ಯಾವಾಗಲೂ ಗಂಟುಮುಖ. ಒಂದು ದಿನವೂ ನನ್ನ ಕಡೆ ತಿರುಗಿ ನೋಡಿಲ್ಲ.”

ಗುರುಗಳು ಚೀಲದಿಂದ ಇನ್ನೊಂದು ಪೊಟ್ಟಣ ತೆಗೆದರು.

“ಅವರೂ ನಿನ್ನ ಬಗ್ಗೆ ಹೀಗೇ ಹೇಳುತ್ತಿರಬಹುದು. ಶ್ಯಾವಿಗೆ ಒಣಗುತ್ತಿದೆ, ಹೋಗು.”