ತುಕ್ಕಿನ ಮಾತು ಕೇಳಿದ ಬಣ್ಣ

ಮಸ್ತಾನ್ ಸಾಬರ ಗ್ಯಾರೇಜಿನಲ್ಲಿ ಒಂದು ಹಳೇ ಜೀಪು ರಿಪೇರಿಗೆ ನಿಂತಿತ್ತು ಕಣ್ರಪ್ಪಾ. ಮಾರನೇ ದಿನವೇ ಆಯುಧಪೂಜೆ. ಇಡೀ ಗಾಡಿ ಹೊರುವ ಚಾಸಿಗೆ ಅಡಿಯಲ್ಲಿ ತುಕ್ಕು ಹತ್ತಿತ್ತು. ತಂತಿ ಬ್ರಷ್ಷು ಕೆರೆಯಲು ಬಂದದ್ದೇ ತಡ, ತುಕ್ಕು ಡಬ್ಬಿಯೊಳಗಿದ್ದ ಬಣ್ಣವನ್ನು ಮೆಲ್ಲಗೆ ಕರೆಯಿತು.

“ಅಕ್ಕಾ, ಈ ಒರಟ ಕೆರೆದು ಮುಗಿಸೋದರೊಳಗೆ ಹಬ್ಬವೇ ಮುಗಿದುಹೋಗುತ್ತೆ. ನೀನು ಸೀದಾ ನನ್ನ ಮೇಲೆ ಬಂದುಬಿಡು. ನಾನು ಮುದುರಿಕೊಂಡು ಮಲಗಿರ್ತೀನಿ.”

“ಬೇಡ ಕಣೇ, ಅವನು ಒಳಗೊಳಗೇ ತಿಂದು ಚಾಸಿ ತೂತಾದರೆ ಗಾಡಿ ಸಮೇತ ಎಲ್ಲರೂ ಗುಜರಿಗೇ ಹೋಗ್ತೀರಿ,” ಎಂದಿತು ಬ್ರಷ್ಷು.

“ಅಡಿಯಲ್ಲಿ ಬಗ್ಗಿ ಯಾರು ನೋಡ್ತಾರೆ?” ಎನ್ನುತ್ತ ಬಣ್ಣ ತುಕ್ಕಿನ ಮೇಲೆಯೇ ಹರಡಿಕೊಂಡಿತು.

ಹಬ್ಬದ ದಿನ ಜೀಪಿಗೆ ಕೊಡಗಟ್ಟಲೆ ನೀರು ಹುಯ್ದು ತೊಳೆದರು, ಮುಂದುಗಡೆ ಕುಂಕುಮ ಇಟ್ಟರು. ಅಡಿಯಲ್ಲಿ ನಿಂತ ನೀರನ್ನು ಮಾತ್ರ ಯಾರೂ ಒರೆಸಲಿಲ್ಲ. ಮುಂದಿನ ಹಬ್ಬದ ಹೊತ್ತಿಗೆ ಬಣ್ಣದ ಮೈತುಂಬಾ ಗುಳ್ಳೆ.

“ಸ್ವಲ್ಪ ಆಚೆ ಸರಿ ಅಕ್ಕಾ, ನೀರು ಕುಡಿದು ದಪ್ಪಗಾಗಿದ್ದೀನಿ,” ಎಂದಿತು ತುಕ್ಕು.

ಬಣ್ಣ ಅಳುತ್ತ ಕೂಗಿತು: “ಬ್ರಷ್ಷಣ್ಣಾ, ಓಡಿ ಬಾ! ಇವನೊಬ್ಬನನ್ನು ಕೆರೆದು ಹಾಕಪ್ಪಾ!”

“ಹಾಕ್ತೀನಿ ತಾಯಿ,” ಎಂದಿತು ಬ್ರಷ್ಷು. “ಆದರೆ ಅವನ ಮನೆ ಬಾಗಿಲಿಗೆ ಅಡ್ಡ ಮಲಗಿರೋಳು ನೀನೇ ಅಲ್ವಾ?”

ಹಾಗೆಂದು ಮೊದಲು ಅವಳನ್ನೇ ಕೆರೆಯಿತು.