ಎಮ್ಮೆಯ ಪಟಕ್ಕೆ ಕಟ್ಟು ಹಾಕಿಸಿದ ಪೀತಾಂಬರ

ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿ ರೋಹಿಣಿ ಬಟ್ಟೆ ಹೊಲಿದು ಮಾನದಿಂದ ಬಾಳಿದವಳು. ಮಗ ಪೀತಾಂಬರ ಹತ್ತನೇ ತರಗತಿಯವನು, ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವನು. ಅವಳ ಮಾನ ಹೋಗುತ್ತಿದ್ದದ್ದೂ ಅದರಿಂದಲೇ!

ಒಂದು ದಿನ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಕೇಳಿದರು: "ನಮ್ಮಲ್ಲಿ ದೊಡ್ಡ ಪೆದ್ದ ಯಾರು?"

ಪೀತಾಂಬರ ಬರೆದ: "ಎಲ್ಲರೂ ನಾನೇ ಅಂತಾರೆ."

ತರಗತಿಯೆಲ್ಲ ನಕ್ಕಿತು. ತಾಯಿ ಹಣೆ ಚಚ್ಚಿಕೊಂಡಳು.

"ಅಯ್ಯೋ ಮಂಕೇ! ಕೆಣಕಿದವರಿಗೆ ಯಾರಾದರೂ ಉತ್ತರ ಕೊಡ್ತಾರೇನೋ? ಕರೆದರೂ ಬಾಯಿ ಬಿಡಬೇಡ!"

"ಆಗಲಮ್ಮ."

ಮರುದಿನ ಮಿಸ್ಸು ಹಾಜರಿ ಕೂಗಿದರು. "ಪೀತಾಂಬರ!" ಸುಮ್ಮನಿದ್ದ. "ಪೀತಾಂಬರ!" ಮಿಸ್ಸಿನ ಮುಖವನ್ನೇ ನೋಡುತ್ತ ಸುಮ್ಮನಿದ್ದ. ಹೆಡ್‌ಮಿಸ್ಸು ತಾಯಿಯನ್ನು ಕರೆಸಿದರು. ಪಾಪ, ಅವಳು ತಲೆ ತಗ್ಗಿಸಿ ನಿಂತು ಬಂದಳು.

"ಮಿಸ್ಸಿಗೂ ಉತ್ತರ ಕೊಡಲ್ವೇನೋ! ಗುರುತಿರುವವರು ಕೇಳಿದರೆ ಥಟ್ಟನೆ ಹೇಳಬೇಕು!"

"ಆಗಲಮ್ಮ."

ಪಕ್ಕದ ಬೆಂಚಿನ ತೇಜಸ್ ಗುರುತಿನವನಲ್ಲವೇ? ಒಂದನೇ ತರಗತಿಯಿಂದ ಗುರುತು! ಅವನು ಕೇಳಿದ: "ನಿನ್ನ ಇನ್‌ಸ್ಟಾ ಪಾಸ್‌ವರ್ಡ್ ಏನೋ?"

ಥಟ್ಟನೆ ಹೇಳಿದ.

ಸಂಜೆಗೆ ಪೀತಾಂಬರನ ಖಾತೆಯಲ್ಲಿ ಒಂದು ಚಿತ್ರ. ಎಮ್ಮೆಯ ಮೈ, ಅದಕ್ಕೆ ಪೀತಾಂಬರನ ತಲೆ. ಕೆಳಗೆ, "ನನಗೆ ಹುಲ್ಲು ಹಾಕಿ." ಬೀದಿಯ ಹುಡುಗರು ಗೇಟಿನ ಮೇಲಿಂದ ನಿಜವಾಗಿ ಹುಲ್ಲು ಎಸೆದರು.

ಪೀತಾಂಬರ ಊಟ ಮಾಡಲಿಲ್ಲ. "ನಾಳೆಯಿಂದ ಶಾಲೆಗೆ ಹೋಗಲ್ಲಮ್ಮ" ಎಂದ.

ಆ ಮಾತು ಅವನಿಗೆ ಯಾರೂ ಹೇಳಿಕೊಟ್ಟದ್ದಲ್ಲ. ತಾಯಿಗೆ ಬೈಯಲು ಬಾಯಿ ಬರಲಿಲ್ಲ. ಜೊತೆಗೆ ಕೂತು ಪಾಸ್‌ವರ್ಡ್ ಬದಲಾಯಿಸಿದಳು.

"ಇದನ್ನು ಯಾರಿಗೂ ಹೇಳಬಾರದು, ಗುರುತಿನವರಿಗೂ! ಆ ಚಿತ್ರದ ಪ್ರತಿ ಒಂದು ತೆಗೆದಿಟ್ಟುಕೋ. ಇಲ್ಲದಿದ್ದರೆ ನಾಳೆ ಮಾಡಿಯೇ ಇಲ್ಲ ಅಂತಾರೆ. ಯಾರು ಮಾಡಿದ್ದು ಅನ್ನೋದೂ ಕಾಣುವ ಹಾಗೆ, ಜೋಪಾನವಾಗಿ ಇಡು. ಹೆಡ್‌ಮಿಸ್ಸಿಗೆ ನಾನು ಹೇಳ್ತೀನಿ."

"ಆಗಲಮ್ಮ."

ಹೆಡ್‌ಮಿಸ್ಸು ವಿಚಾರಿಸಿದರು. ತೇಜಸ್ ಒಪ್ಪಿಕೊಂಡು ಚಿತ್ರ ಅಳಿಸಿದ. ಭಾನುವಾರ ಅವನ ತಾಯಿ ಶೈಲಾ ಅವನನ್ನು ಕರೆದುಕೊಂಡು ಕ್ಷಮೆ ಕೇಳಲು ಮನೆಗೇ ಬಂದರು.

ರೋಹಿಣಿ ಕುರ್ಚಿ ಒರೆಸಿ ಕೂರಿಸಿದಳು. ತಲೆ ಎತ್ತಿದಳು.

ಗೋಡೆಯ ಮೇಲೆ, ಅಜ್ಜನ ಪಟದ ಪಕ್ಕದಲ್ಲಿ, ಬೆಳಿಗ್ಗೆ ಖಾಲಿಯಿದ್ದ ಜಾಗದಲ್ಲಿ, ಕಟ್ಟು ಹಾಕಿಸಿದ ಎಮ್ಮೆ! ಹಣೆಗೆ ಕುಂಕುಮ, ಕೊರಳಿಗೆ ಸೇವಂತಿಗೆ ಹಾರ. ಕೆಳಗೆ, ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ಬರೆಸುವಂತೆ ದಪ್ಪಕ್ಷರದಲ್ಲಿ: "ಚಿ. ತೇಜಸ್, ಹತ್ತನೇ ತರಗತಿ, ಇವರ ಕೊಡುಗೆ."

"ಬದುಕಿರುವವನ ಪಟಕ್ಕೆ ಹಾರ ಹಾಕ್ತಾರೇನೋ!" ರೋಹಿಣಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಜೋಪಾನವಾಗಿ ಇಡು, ಮಾಡಿದವರ ಹೆಸರು ಕಾಣಲಿ ಅಂದೆಯಲ್ಲಮ್ಮ!"

ಶೈಲಾ ಆ ಅಕ್ಷರಗಳನ್ನು ಓದಿದರು. ಇನ್ನೊಮ್ಮೆ ಓದಿದರು. ಅವರ ಸೆರಗೂ ಮುಖಕ್ಕೆ ಹೋಯಿತು. ತೇಜಸ್ ನೆಲ ನೋಡುತ್ತಲೇ ಹೇಳಿದ:

"ತಪ್ಪಾಯ್ತು ಕಣೋ. ಅದನ್ನ ತೆಗೆದುಬಿಡೋ. ನಾಳೆ ಶಾಲೆಗೆ ಬಾರೋ, ನಿನ್ನ ಪಕ್ಕದಲ್ಲೇ ಕೂರ್ತೀನಿ."

"ಬರ್ತೀನಿ" ಎಂದ ಪೀತಾಂಬರ. ಒಳಗೆ ಓಡಿದ. ಕಾಗದ ಸುತ್ತಿದ ಇನ್ನೊಂದು ಪಟ ತಂದು ಶೈಲಾ ಅವರ ಮಡಿಲಲ್ಲಿಟ್ಟ.

"ನಿಮ್ಮ ಗೋಡೆಗೂ ಒಂದು ಕಟ್ಟು ಹಾಕಿಸಿದ್ದೀನಿ, ಆಂಟಿ. ಹಾರ ಮಾತ್ರ ನೀವೇ ತರಬೇಕು!"